ಮುಚ್ಚಳ ಹಾಕಿದ ಎಣ್ಣೆ

ದೋಣಿಕಟ್ಟೆಯಲ್ಲಿ ಅವಳನ್ನು ಪುಕ್ಕಲಕ್ಕ ಎಂದು ಎದುರಿಗೇ ಕರೆಯುತ್ತಿದ್ದರು, ಅವಳೂ ‘ಓ’ ಎನ್ನುತ್ತಿದ್ದಳು. ಬೇಜಾರು ಮಾಡಿಕೊಳ್ಳುವ ಮಾತೇ ಇರಲಿಲ್ಲ, ಆ ಹೆಸರನ್ನು ಅವಳು ಕಷ್ಟಪಟ್ಟೇ ಸಂಪಾದಿಸಿದ್ದಳು. ಗುಡುಗು ಎಂದರೆ ಭಯ. ನಾಯಿ ಎಂದರೆ ಭಯ, ಅದು ಬಾಲ ಅಲ್ಲಾಡಿಸಿದರೆ ಇನ್ನೂ ಭಯ, ಅದರ ಮನಸ್ಸಿನಲ್ಲಿ ಏನಿದೆಯೋ ಎಂದು. ಊದಿದ ಬಲೂನು, ಲಿಫ್ಟು, ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದುಕೊಳ್ಳುವ ಫೋನು, ಯಾರಾದರೂ ‘ನಿನ್ ಹತ್ರ ಒಂದು ಮಾತು ಹೇಳ್ಬೇಕಿತ್ತು’ ಎಂದು ಅರ್ಧಕ್ಕೆ ನಿಲ್ಲಿಸುವುದು, ಎಲ್ಲಕ್ಕೂ ಅವಳ ಎದೆ ಡವಡವ. ಮನೆಯವರು ಬರುವುದು ಸ್ವಲ್ಪ ತಡವಾದರೆ ಸಾಕು, ಅವಳ ಮನಸ್ಸು ಆಸ್ಪತ್ರೆಗೆ ಓಡಿ, ಡಾಕ್ಟರ ಮುಖ ನೋಡಿ, ಅಳುವ ನೆಂಟರನ್ನೆಲ್ಲ ಸಾಲಾಗಿ ಕೂರಿಸಿ ವಾಪಸು ಬರುತ್ತಿತ್ತು. ಅಷ್ಟರಲ್ಲಿ ತಡವಾದವರು ಚಪ್ಪಲಿ ಕಳಚಿ ಒಳಗೆ ಬಂದು ಊಟಕ್ಕೇನಿದೆ ಎಂದು ಕೇಳುತ್ತಿದ್ದರು.

ಇಂಥವಳಿಗೆ ಗಂಡನಾಗಿ ಸಿಕ್ಕವನು ಜನರನ್ನು ನದಿ ದಾಟಿಸುವ ದೋಣಿ ನಡೆಸುವವನು. ಮನೆ ಇದ್ದದ್ದು ಕಟ್ಟೆಯ ಹಿಂದಿನ ಓಣಿಯಲ್ಲಿ. ನದಿ ಅಲ್ಲಿ ಅಗಲ, ಆಚೆ ದಡದ ಮನೆಗಳು ಬೆಂಕಿಪೆಟ್ಟಿಗೆಯಷ್ಟು ಕಾಣುತ್ತವೆ. ಸ್ವಲ್ಪ ಕೆಳಗೆ ಹೋದರೆ ಅಳಿವೆ, ನದಿ ಕಡಲು ಸೇರುವ ಬಾಯಿ. ಅಲ್ಲಿ ಮರಳು ಗುಡ್ಡೆ ಬಿದ್ದು ಅಲೆಗಳು ಬೆಳ್ಳಗೆ ಒಡೆಯುತ್ತವೆ. ಸಮುದ್ರದ ಇಳಿತದ ಹೊತ್ತಿನಲ್ಲಿ ನದಿಯ ನೀರೆಲ್ಲ ಆ ಬಾಯಿಯ ಕಡೆಗೇ ಸೆಳೆಯುತ್ತದೆ. ಎಂಜಿನ್ ಓಡುತ್ತಿದ್ದರೆ ಅದೇನೂ ದೊಡ್ಡ ವಿಷಯವಲ್ಲ. ನಡುನೀರಿನಲ್ಲಿ ಎಂಜಿನ್ ನಿಂತರೆ ದೋಣಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಟ್ಟೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪುಕ್ಕಲಕ್ಕ ಮಾತ್ರ ದಿನಾ ಹೇಳುತ್ತಿದ್ದಳು.

ಮದುವೆಯಾಗಿ ಬಂದಂದಿನಿಂದ ಅವಳು ಗಂಡನ ದೋಣಿಗೆ ಕಾಲಿಟ್ಟವಳಲ್ಲ. ಅವನದಿರಲಿ, ಯಾರ ದೋಣಿಗೂ ಇಟ್ಟವಳಲ್ಲ. ಅಕ್ಕನ ಮನೆ ಆಚೆ ದಡದಲ್ಲೇ ಇತ್ತು. ಗಂಡ ಬಿಸಿ ಚಹಾ ಆರುವುದರೊಳಗೆ ಅಲ್ಲಿಗೆ ಮುಟ್ಟಿಸುತ್ತೇನೆ ಎಂದರೂ ಕೇಳದೆ, ಎರಡು ಬಸ್ಸು ಬದಲಾಯಿಸಿ, ಮೇಲಿನ ಸೇತುವೆ ಸುತ್ತಿ, ಸೇತುವೆಯ ಮೇಲೆ ಕಣ್ಣು ಮುಚ್ಚಿ ಕೂತು, ಊಟದ ಹೊತ್ತಿಗೆ ಹೋಗಿ ಸೇರುತ್ತಿದ್ದಳು. ‘ದೋಣಿಯವನ ಹೆಂಡ್ತಿ ಬಸ್ಸಲ್ಲಿ ಬಂದ್ಲು’ ಎಂದು ಅಕ್ಕನ ಮನೆಯ ಮಕ್ಕಳು ಬಾಗಿಲಲ್ಲೇ ಕೂಗುತ್ತಿದ್ದವು.

ತಮಾಷೆ ಎಂದರೆ, ಆ ದೋಣಿಯ ಎಂಜಿನ್ ಓಡುತ್ತಿದ್ದದ್ದೇ ಅವಳು ಮಾಡಿದ ಎಣ್ಣೆಯಿಂದ. ಅದಕ್ಕೂ ಭಯವೇ ಕಾರಣ. ಅವಳು ಕೆಲಸಕ್ಕಿದ್ದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಮೋರಿಗೆ ಸುರಿಯುತ್ತಿದ್ದರು. ಮೋರಿ ಕಟ್ಟಿಕೊಂಡು ರೋಗ ಹರಡೀತೆಂದು ಹೆದರಿ ಅದನ್ನು ಡಬ್ಬಗಳಲ್ಲಿ ತುಂಬಿ ಮನೆಗೆ ತಂದಳು. ಮನೆಯಲ್ಲಿ ಡಬ್ಬ ಸೇರಿದ ಮೇಲೆ ಬೆಂಕಿ ಬಿದ್ದೀತೆಂದು ಹೆದರಿದಳು. ಮೆಕ್ಯಾನಿಕ್ ಆಗಿದ್ದ ಅವಳ ತಮ್ಮ ಒಂದು ದಿನ ಡಬ್ಬಗಳ ಸಾಲು ನೋಡಿ, “ಅಕ್ಕಾ, ಹೆದರ್ಕೊಂಡು ಕೂರೋ ಬದಲು ಇದನ್ನ ಡೀಸೆಲ್ ಮಾಡೋಣ ಬಾ” ಎಂದು ಕಲಿಸಿಕೊಟ್ಟ. ಎಣ್ಣೆಯನ್ನು ಬಟ್ಟೆಯಲ್ಲಿ ಸೋಸುವುದು, ಸ್ಪಿರಿಟ್ಟು ಮತ್ತು ಕಾಸ್ಟಿಕ್ ಸೋಡಾ ಬೆರೆಸುವುದು, ಕದಡದೆ ಬಿಡುವುದು. ಕಂದು ಬಣ್ಣದ ಗ್ಲಿಸರಿನ್ ಅಡಿಗೆ ಕೂರುತ್ತದೆ, ಮೇಲೆ ತಿಳಿ ಎಣ್ಣೆ ನಿಲ್ಲುತ್ತದೆ. ಆ ತಿಳಿಯಲ್ಲಿ ಸಾಬೂನಿನ ಅಂಶ ಉಳಿದಿರುತ್ತದಾದ್ದರಿಂದ ನೀರು ಚಿಮುಕಿಸಿ ತೊಳೆಯಬೇಕು. ತೊಳೆದಾದ ಮೇಲೆ ಶುರುವಾಗುತ್ತದೆ ನಿಜವಾದ ಕೆಲಸ: ಕೈಯಾರೆ ಹಾಕಿದ ಆ ನೀರನ್ನು ಹನಿಯೂ ಉಳಿಯದಂತೆ ಹೊರಗೆ ಹಾಕುವುದು. ಎಣ್ಣೆಯ ಜೊತೆ ಒಂದು ಲೋಟ ನೀರು ಹೋದರೂ ಎಂಜಿನ್ ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ.

ಹಿತ್ತಿಲಲ್ಲಿ ತಗಡಿನ ಮಾಡಿನ ಕೆಳಗೆ ಅವಳದೊಂದು ಡ್ರಮ್ಮು ಇತ್ತು, ಮೇಲ್ಭಾಗ ಕತ್ತರಿಸಿದ್ದು, ತಳದಲ್ಲಿ ನಲ್ಲಿ ಕೂರಿಸಿದ್ದು. ಅದರಡಿಯಲ್ಲಿ ಮರದ ಹೊಟ್ಟಿನ ಸಣ್ಣ ಒಲೆ. ಗಾಜಿನ ತೊಟ್ಟಿಯ ಮೀನುಗಳಿಗೆ ಗಾಳಿ ಊದುವ ಪುಟ್ಟ ಯಂತ್ರವೊಂದನ್ನು ತಂದು, ಅದರ ಕೊಳವೆಯನ್ನು ಎಣ್ಣೆಯೊಳಗೆ ಬಿಟ್ಟಿದ್ದಳು. ಎಣ್ಣೆ ಬೆಚ್ಚಗಾದಂತೆ ಗುಳ್ಳೆಗಳು ಬುಳಬುಳ ಏಳುತ್ತಿದ್ದವು, ಅವುಗಳ ಜೊತೆ ನೀರು ಹಬೆಯಾಗಿ ಹೋಗುತ್ತಿತ್ತು. ಉರಿ ಜಾಸ್ತಿಯಾದರೆ ಎಣ್ಣೆ ಸಿಡಿದೀತು, ಕಡಿಮೆಯಾದರೆ ನೀರು ಉಳಿದೀತು. ಹೀಗೆ ಎರಡೂ ಕಡೆಯ ಭಯ ಇದ್ದದ್ದರಿಂದ ಉರಿ ಯಾವಾಗಲೂ ಹದವಾಗಿಯೇ ಇರುತ್ತಿತ್ತು. ಕೊನೆಗೆ ಕಬ್ಬಿಣದ ಕಾವಲಿಯನ್ನು ಕಾಯಿಸಿ ಅದರ ಮೇಲೆ ಎಣ್ಣೆಯ ಕೆಲವು ಹನಿ ಬಿಡುತ್ತಿದ್ದಳು. ಚಟಪಟ ಎಂದರೆ ನೀರಿದೆ ಎಂದರ್ಥ. ಸುಮ್ಮನೆ ಹರಡಿ ಹೊಗೆಯಾಡಿದರೆ ಎಣ್ಣೆ ಒಣಗಿದೆ. ಈ ಪರೀಕ್ಷೆ ಮಾಡುವಾಗ ಓಣಿಯಲ್ಲಿ ಯಾರೂ ಕೆಮ್ಮಕೂಡದು. ಅವಳ ಎಣ್ಣೆಯಿಂದ ಎಂಜಿನ್ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಆ ಮಾತನ್ನು ಮಾತ್ರ ಯಾರೂ ಅವಳಿಗೆ ಹೇಳಿರಲಿಲ್ಲ, ಅವಳ ಭಯವನ್ನು ಆಡಿಕೊಳ್ಳುವುದರಲ್ಲೇ ಎಲ್ಲರಿಗೂ ಹೊತ್ತು ಹೋಗುತ್ತಿತ್ತು.

ಹೀಗಿರುವಾಗ ಗಂಡ ಕಟ್ಟೆಯ ಪಾಚಿ ಮೆಟ್ಟಿಲಲ್ಲಿ ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡ. ಕೈಗೆ ಜೋಳಿಗೆ ಕಟ್ಟಿಸಿಕೊಂಡು ಮನೆಯಲ್ಲಿ ಕೂತ. ದೋಣಿ ನಿಂತಿತು. ಆಗ ಮಗಳು, “ನಾನು ನಡೆಸ್ತೀನಿ” ಎಂದಳು. ಅವಳು ಅಪ್ಪನ ಮೇಲೆ ಹೋದವಳು. ಚಿಕ್ಕಂದಿನಿಂದ ದೋಣಿಯಲ್ಲೇ ಬೆಳೆದು, ಪರೀಕ್ಷೆ ಕೊಟ್ಟು, ಲೈಸೆನ್ಸೂ ತೆಗೆದುಕೊಂಡಿದ್ದಳು. ಆದರೆ ಒಬ್ಬಳೇ ಯಾವತ್ತೂ ಚುಕ್ಕಾಣಿ ಹಿಡಿದಿರಲಿಲ್ಲ. ಪುಕ್ಕಲಕ್ಕ ಅತ್ತಳು, ಊಟ ಬಿಟ್ಟಳು, ಕನಸು ಬಿತ್ತೆಂದಳು. ಅಪ್ಪ ಮಗಳು ಮುಖ ಮುಖ ನೋಡಿಕೊಂಡು ನಕ್ಕರು. ಕೊನೆಗೆ ಮಗಳೇ ಅವಳ ಪಕ್ಕದಲ್ಲಿ ಬಂದು ಕೂತಳು.

“ಅಮ್ಮಾ, ಒಂದೇ ಒಂದು ದಿನ ಹೆದರಬೇಡ. ನಾಳೆ ಒಂದು ದಿನ. ನೀನು ಹೆದರಿದ್ರೆ ಅದು ನನ್ ಕೈಗೆ ಇಳಿಯುತ್ತೆ ಕಣಮ್ಮ. ಚುಕ್ಕಾಣಿ ಹಿಡಿದ್ರೆ ನೀನು ಕೈ ಹಿಸುಕ್ತಾ ನಿಂತಿರೋದೇ ಕಣ್ಮುಂದೆ ಬರುತ್ತೆ.”

ಈ ಮಾತು ಅವಳಿಗೆ ನಾಟಿತು. ತನ್ನ ಭಯ ತನ್ನ ಮೈಯೊಳಗೇ ಇರುತ್ತದೆಂದು ತಿಳಿದಿದ್ದವಳಿಗೆ, ಅದು ಮಗಳ ಕೈವರೆಗೆ ಹೋಗುತ್ತದೆ ಎನ್ನುವುದು ಗೊತ್ತಿರಲಿಲ್ಲ. “ಆಯ್ತು, ಹೆದರಲ್ಲ” ಎಂದು ಮಾತು ಕೊಟ್ಟಳು.

ಮಾತು ಕೊಟ್ಟ ಆ ಸಂಜೆಯೇ ಎಣ್ಣೆ ಒಲೆಯ ಮೇಲಿತ್ತು. ಹಬೆ ಚೆನ್ನಾಗಿ ಏಳುತ್ತಿದ್ದ ಹೊತ್ತಿಗೆ ಸರಿಯಾಗಿ ಆಕಾಶ ಗುಡುಗಿತು. ಕರೆಂಟು ಹೋಯಿತು, ಗಾಳಿ ಊದುವ ಯಂತ್ರ ನಿಂತಿತು. ತಗಡಿನ ಮಾಡಿನಲ್ಲಿ ಒಂದು ತೂತಿತ್ತು. ಕಾದ ಎಣ್ಣೆಗೆ ಮಳೆ ಹನಿ ಬಿದ್ದರೆ ಸಿಡಿದು ಹಿತ್ತಿಲೇ ಹೊತ್ತಿಕೊಂಡೀತೆಂದು ಅವಳು ಓಡಿಹೋಗಿ, ಗೋಡೆಗೆ ಒರಗಿಸಿದ್ದ ಹಳೆಯ ಅಲ್ಯೂಮಿನಿಯಂ ಮುಚ್ಚಳವನ್ನು ಡ್ರಮ್ಮಿನ ಮೇಲೆ ಹಾಕಿದಳು. ಅಷ್ಟರಲ್ಲಿ ಇನ್ನೊಂದು ಸಿಡಿಲು. ಒಲೆಯನ್ನು ಹಾಗೇ ಬಿಟ್ಟು ಒಳಗೆ ಓಡಿ, ಕಂಬಳಿ ಹೊದ್ದು, ಕಿವಿ ಮುಚ್ಚಿಕೊಂಡು ಮಲಗಿಬಿಟ್ಟಳು. ಅತ್ತ ಮಳೆ ಹನಿಯೂ ಬೀಳಲಿಲ್ಲ, ಬರೀ ಗುಡುಗಿ ಹೋಯಿತು. ಇತ್ತ ಹೊಟ್ಟು ತೀರುವವರೆಗೆ ಒಲೆ ತನ್ನ ಪಾಡಿಗೆ ಉರಿಯಿತು.

ಬೆಳಿಗ್ಗೆ ಎದ್ದು ಮುಚ್ಚಳ ತೆಗೆದು ಗೋಡೆಗೆ ಒರಗಿಸಿದಳು. ಎಣ್ಣೆ ಇನ್ನೂ ಉಗುರುಬೆಚ್ಚಗಿತ್ತು, ಗಾಜಿನಂತೆ ತಿಳಿಯಾಗಿತ್ತು. ಸೌಟಿನಲ್ಲಿ ಮೇಲಿನಿಂದ ತೆಗೆದು ಕಾದ ಕಾವಲಿಗೆ ಬಿಟ್ಟಳು. ಹನಿಗಳು ಹರಡಿದವು, ಹೊಗೆಯಾಡಿದವು. ಕೊನೆಯ ಹನಿ ಬಿದ್ದಾಗ ಒಂದು ಸಣ್ಣ ‘ಚಿಟ್’ ಕೇಳಿಸಿದ ಹಾಗಾಯಿತು. ಅವಳ ಕೈ ನಿಂತಿತು. ಬೇರೆ ಯಾವ ದಿನವಾದರೂ ಅಷ್ಟೂ ಎಣ್ಣೆಯನ್ನು ಮತ್ತೆ ಒಲೆಗೇರಿಸಿ, ದೋಣಿಯನ್ನು ಮಧ್ಯಾಹ್ನದವರೆಗೆ ಕಟ್ಟಿಹಾಕುತ್ತಿದ್ದಳು. ಆದರೆ ಒಳಗೆ ಮಗಳು ಹಾಡು ಗುನುಗುತ್ತಾ ತಲೆ ಬಾಚಿಕೊಳ್ಳುತ್ತಿದ್ದಳು. ಇದು ನನ್ನ ಕಿವಿಯ ಪುಕ್ಕಲು, ಎಣ್ಣೆಯದಲ್ಲ ಎಂದು ಪುಕ್ಕಲಕ್ಕ ತನಗೆ ತಾನೇ ಗದರಿಕೊಂಡಳು. ನಲ್ಲಿ ತಿರುಗಿಸಿ ಕ್ಯಾನು ತುಂಬಿಸಿದಳು. ಮಗಳ ಕೈಗೆ ಕೊಡುವಾಗ ಮುಖದ ಮೇಲೆ ಒಂದು ನಗುವನ್ನೂ ತಂದುಕೊಂಡಳು. ಮಗಳು ಅವಳನ್ನು ತಬ್ಬಿಕೊಂಡು ಹೋದಳು, ಅಪ್ಪ ಹಿಂದೆ ಹೋದ.

ಅವರು ಹೋದ ಮೇಲೆ ಸುಮ್ಮನೆ ಕೂತರೆ ಕೊಟ್ಟ ಮಾತು ಮುರಿದುಹೋದೀತೆಂದು ಹಿತ್ತಿಲು ಸ್ವಚ್ಛ ಮಾಡಲು ಹೊರಟಳು. ಮುಚ್ಚಳವನ್ನು ಮೊಳೆಗೆ ತೂಗುಹಾಕಲು ಎತ್ತಿ ತಿರುಗಿಸಿದವಳು ಹಾಗೇ ನಿಂತುಬಿಟ್ಟಳು. ಅದರ ಒಳಮೈ ತುಂಬ ನೀರಿನ ಹನಿ. ಅಂಚಿನಲ್ಲಿ ಹನಿಗಳು ಒಂದಕ್ಕೊಂದು ಸೇರಿ ದಪ್ಪಗೆ ಇಳಿಬಿದ್ದಿದ್ದವು, ಅವಳು ನೋಡುತ್ತಿದ್ದಂತೆ ಒಂದು ತೊಟಕ್ಕೆಂದು ಅವಳ ಕಾಲ ಮೇಲೆ ಬಿತ್ತು.

ಕ್ಯಾಂಟೀನಿನ ಪಾತ್ರೆಗಳ ಮುಂದೆ ಆಯುಷ್ಯ ಕಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋಗಬೇಕಾದ ಹಬೆ ಹೋಗಿರಲಿಲ್ಲ. ಮುಚ್ಚಳಕ್ಕೆ ತಾಗಿ, ನೀರಾಗಿ, ಮತ್ತೆ ಎಣ್ಣೆಯೊಳಗೇ ಬಿದ್ದು, ಭಾರಕ್ಕೆ ತಳಕ್ಕೆ ಇಳಿದಿತ್ತು. ಅವಳು ಪರೀಕ್ಷೆ ಮಾಡಿದ್ದು ಮೇಲಿನ ಎಣ್ಣೆ. ನಲ್ಲಿ ಇದ್ದದ್ದು ತಳದಲ್ಲಿ. ನಲ್ಲಿಯ ಬಾಯಲ್ಲಿ ತೊಟ್ಟಿಕ್ಕುತ್ತಿದ್ದ ಹನಿಯನ್ನು ಬೆರಳಲ್ಲಿ ಒರೆಸಿ, ಇನ್ನೂ ಕಾದಿದ್ದ ಕಾವಲಿಯ ಮೇಲೆ ಕೊಡವಿದಳು. ಕಾವಲಿ ಚಟಚಟ ಎಂದು ಕಿರುಚಿತು.

ಫೋನು ಎತ್ತಿಕೊಂಡು ಮಗಳಿಗೆ ಮಾಡಿದಳು. ಎತ್ತಿದ್ದು ಗಂಡ. “ನೀನು ನಿಮಿಷಕ್ಕೊಂದು ಸಲ ಮಾಡ್ತೀಯಾಂತ ಅವಳು ಫೋನ್ ನನ್ ಜೇಬಲ್ಲಿ ಹಾಕಿ ಹೋದ್ಲು” ಎಂದು ನಕ್ಕು, ಇವಳು ಬಾಯಿ ತೆರೆಯುವುದರೊಳಗೆ ಇಟ್ಟೇಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸಾಕ್ಷಿ ಬೇಕು. ಮುಚ್ಚಳವನ್ನು ಎದೆಗವಚಿಕೊಂಡು ಓಣಿಯಲ್ಲಿ ಓಡಿದಳು. ಬೀದಿನಾಯಿಯೊಂದು ಹಿಂದೆ ಬಂತು. ಅದಕ್ಕೆ ಹೆದರುವಷ್ಟು ಭಯ ಅವಳಲ್ಲಿ ಉಳಿದಿರಲಿಲ್ಲ, ಎಲ್ಲವೂ ನದಿಯ ಮೇಲಿತ್ತು.

ಕಟ್ಟೆಯಲ್ಲಿ ಚಹಾ ಅಂಗಡಿಯ ಮುಂದೆ ಗಂಡ ನಾಲ್ಕು ಜನರ ನಡುವೆ ಕೂತು, ಮಗಳ ದೋಣಿಯನ್ನು ಬೆರಳು ಮಾಡಿ ತೋರಿಸುತ್ತಿದ್ದ. ದೋಣಿ ಆಗಲೇ ನಡುನೀರಿಗೆ ಹತ್ತಿರವಾಗಿತ್ತು. ಡುಗುಡುಗು ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು. ಇಳಿತ ಶುರುವಾಗಿತ್ತು, ಕಟ್ಟೆಯ ಕಂಬಗಳ ಸುತ್ತ ನೀರು ಸುಳಿದುಕೊಂಡು ಅಳಿವೆಯ ಕಡೆ ಓಡುತ್ತಿತ್ತು.

“ರೀ, ಅವಳನ್ನ ವಾಪಸ್ ಕರೀರಿ! ಎಣ್ಣೇಲಿ ನೀರಿದೆ!”

“ಬಂತು ನೋಡಪ್ಪ” ಎಂದ ಚಹಾ ಅಂಗಡಿಯವನು. “ನಾನು ಹೇಳಿರಲಿಲ್ವಾ, ಪುಕ್ಕಲಕ್ಕ ಬಂದೇ ಬರ್ತಾಳೆ ಅಂತ?”

ಎಲ್ಲರೂ ಗೊಳ್ಳೆಂದರು. ಗಂಡನೂ ನಕ್ಕ, ಪ್ರೀತಿಯಿಂದಲೇ. “ಲೇ, ಹೆದರಲ್ಲ ಅಂತ ಮಾತು ಕೊಟ್ಟಿದ್ದೆ ತಾನೆ? ಎಂಜಿನ್ ಸದ್ದು ಕೇಳು. ನೀರಿದ್ರೆ ಹಿಂಗೆ ಓಡುತ್ತಾ?”

“ಎಂಜಿನ್ ತೊಟ್ಟೀಲಿ ಹಳೇ ಎಣ್ಣೆ ಇತ್ತಲ್ಲ, ಪೈಪಲ್ಲಿ ಇದ್ದಿದ್ದು ಅದೇ. ಅದು ಮುಗಿದ ತಕ್ಷಣ ನೀರೇ ಬರೋದು. ನಾನು ರಾತ್ರಿ ಮುಚ್ಚಳ ಹಾಕ್ಬಿಟ್ಟಿದ್ದೆ ರೀ. ನೋಡಿ, ನೀವೇ ನೋಡಿ!”

ಮುಚ್ಚಳವನ್ನು ತಿರುಗಿಸಿ ಅವರ ಮುಂದೆ ಹಿಡಿದಳು. ಅದು ಒಣಗಿತ್ತು. ಓಡಿ ಬಂದ ದಾರಿಯ ಬಿಸಿಲು, ಗಾಳಿ, ಅವಳು ಅವಚಿಕೊಂಡಿದ್ದ ಬಟ್ಟೆ, ಎಲ್ಲ ಸೇರಿ ಒಂದು ಹನಿಯನ್ನೂ ಉಳಿಸಿರಲಿಲ್ಲ. ಒಣಗಬೇಕಾದ ಹೊತ್ತಿನಲ್ಲಿ ಒಣಗದ ನೀರು ಈಗ ಒಣಗಿತ್ತು. ಎಲ್ಲರೂ ಖಾಲಿ ಮುಚ್ಚಳವನ್ನು ನೋಡಿ, ಅವಳ ಮುಖ ನೋಡಿ, ಇನ್ನಷ್ಟು ನಕ್ಕರು. ಒಬ್ಬ ಮಾತ್ರ, “ಪಾಪ, ಕೂತ್ಕೋ ಅಕ್ಕ, ನೀರು ಕುಡಿ” ಎಂದ.

ಅವಳಿಗೆ ಕಿರುಚಬೇಕೆನಿಸಿತು. ಆದರೆ ಕಿರುಚಿ ಏನು ಪ್ರಯೋಜನ? ಬದುಕಿಡೀ ಕಿರುಚಿದ್ದಳು. ನಾಯಿಗೆ ಕಿರುಚಿದ್ದಳು, ಬಲೂನಿಗೆ ಕಿರುಚಿದ್ದಳು. ಇವತ್ತಿನ ಕಿರುಚಾಟಕ್ಕೆ ಬೇರೆ ಸದ್ದು ಎಲ್ಲಿಂದ ತರುವುದು? ಇಷ್ಟು ವರ್ಷದ ಭಯವನ್ನೆಲ್ಲ ಚಿಲ್ಲರೆ ಹಾಗೆ ಚೆಲ್ಲಿ, ಬೇಕಾದಾಗ ಕೈ ಖಾಲಿ ಮಾಡಿಕೊಂಡೆನಲ್ಲ ಎಂದು ಅವಳ ಹೊಟ್ಟೆ ಉರಿಯಿತು.

ಮುಚ್ಚಳವನ್ನು ಅಲ್ಲೇ ಬಿಟ್ಟು ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲಿನ ಹತ್ತಿರ ಬಲೆಮಾವನ ಹುಟ್ಟಿನ ದೋಣಿ ಕಟ್ಟಿತ್ತು. ಬಲೆಮಾವ ಎಂದರೆ ಕಟ್ಟೆಗೆಲ್ಲ ಹಿರಿಯ ಮೀನುಗಾರ. ಅವನು ದೋಣಿಯಲ್ಲೇ ಕೂತು ಹರಿದ ಬಲೆ ಹೊಲಿಯುತ್ತಿದ್ದ. ಪುಕ್ಕಲಕ್ಕ ಒಂದು ಕಾಲನ್ನು ದೋಣಿಯೊಳಗೆ ಇಟ್ಟಳು. ದೋಣಿ ಅಲುಗಿತು. ಅವಳ ಗಂಟಲಿನಿಂದ ಪ್ರಾಣಿಯಂಥದೊಂದು ಸಣ್ಣ ಸದ್ದು ಹೊರಟಿತು. ಆದರೂ ಇನ್ನೊಂದು ಕಾಲನ್ನೂ ಎತ್ತಿ ಇಟ್ಟು, ತಳದಲ್ಲಿ ಕುಸಿದು, ಎರಡೂ ಕೈಯಿಂದ ಅಡ್ಡಹಲಗೆಯನ್ನು ಹಿಡಿದುಕೊಂಡಳು.

ಮೇಲೆ ನಗು ನಿಂತಿತು. ಗಂಡನ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು. ಮದುವೆಯಾದಾಗಿನಿಂದ ಅವನು ಬೇಡಿಕೊಂಡಿದ್ದ, ಗದರಿದ್ದ. ಮಗಳು ಹುಟ್ಟುವಾಗ ಆಸ್ಪತ್ರೆಗೆ ದೋಣಿಯಲ್ಲಿ ಕರೆದೊಯ್ಯುತ್ತೇನೆಂದರೂ ಅವಳು ಆ ಸ್ಥಿತಿಯಲ್ಲಿ ಸೇತುವೆ ಸುತ್ತಿ ಹೋಗಿದ್ದಳು. ಅವಳು ಈಗ ದೋಣಿಯಲ್ಲಿದ್ದಾಳೆ. ಅವನು ಮೆಟ್ಟಿಲು ಹಾರಿ ಇಳಿದು, ಜೋಳಿಗೆಯ ಕೈಯನ್ನೂ ಲೆಕ್ಕಿಸದೆ ದೋಣಿಗೆ ಧುಮುಕಿದ.

“ಮಾವ, ಹುಟ್ಟು ಹಾಕು. ಎಣ್ಣೇಲಿ ನೀರಿದೆ.”

ಬಲೆಮಾವ ಹಗ್ಗ ಬಿಚ್ಚಿದ.

ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಹುಟ್ಟಿನ ಕಿರುಗುಟ್ಟುವಿಕೆ, ಹಲಗೆಯ ಕೆಳಗೆ ನೀರಿನ ಗುಳುಗುಳು, ಗಂಡನ ಏದುಸಿರು, ದೂರದ ಡುಗುಡುಗು. ಆ ಕೊನೆಯ ಸದ್ದೊಂದಕ್ಕೆ ಅವಳು ಜೋತುಬಿದ್ದಿದ್ದಳು. ಅದು ಇರುವಷ್ಟು ಹೊತ್ತು ಮಗಳು ಇದ್ದಾಳೆ. ಸುಳ್ಳಾಗಲಿ, ನನ್ನ ಮಾತು ಸುಳ್ಳಾಗಲಿ, ಇನ್ನು ಸಾಯುವವರೆಗೂ ನಗಲಿ ಎಂದು ಬೇಡಿಕೊಂಡಳು. ಡುಗುಡುಗು ಒಮ್ಮೆ ತಪ್ಪಿತು. ಮತ್ತೆ ಹಿಡಿಯಿತು. ಕೆಮ್ಮಿತು. ನಿಂತಿತು.

ಎಂಜಿನ್ ಸದ್ದಿಲ್ಲದ ನದಿಯನ್ನು ಅವಳು ಅಷ್ಟು ಹತ್ತಿರದಿಂದ ಯಾವತ್ತೂ ಕೇಳಿರಲಿಲ್ಲ. ಈಗ ಕೇಳಿಸುತ್ತಿದ್ದುದು ಅಳಿವೆಯ ಮೊರೆತವೊಂದೇ. ಕಣ್ಣು ತೆರೆದಳು. ಮಗಳ ದೋಣಿ ಅಡ್ಡಡ್ಡ ತಿರುಗಿ ನಿಧಾನವಾಗಿ ಕೆಳಗೆ ಜಾರುತ್ತಿತ್ತು. ಅದರಾಚೆ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು.

“ಲಂಗರು ಹಾಕಿದಾಳೆ” ಎಂದ ಗಂಡ. ಸ್ವಲ್ಪ ಹೊತ್ತು ನೋಡಿ, “ಕಚ್ತಾ ಇಲ್ಲ. ಅಡೀಲಿ ಬರೀ ಮರಳು, ಎಳ್ಕೊಂಡು ಹೋಗ್ತಿದೆ” ಎಂದ. ಅವನ ದನಿಯಲ್ಲಿ ಭಯ ಇತ್ತು. ಗಂಡನ ದನಿಯಲ್ಲಿ ಭಯವನ್ನು ಅವಳು ಕೇಳಿದ್ದು ಅದೇ ಮೊದಲು. ತನ್ನೊಬ್ಬಳ ಆಸ್ತಿ ಎಂದುಕೊಂಡಿದ್ದದ್ದು ಅವನಲ್ಲೂ ಇದೆ ಎಂದು ತಿಳಿದು ಅವಳಿಗೆ ಧೈರ್ಯವೇನೂ ಬರಲಿಲ್ಲ.

ಇಳಿತದ ಸೆಳೆತ ಇವರ ದೋಣಿಯನ್ನೂ ಅತ್ತಲೇ ದೂಡುತ್ತಿತ್ತು. ಹಾಗಾಗಿ ಬೇಗ ಹತ್ತಿರವಾದರು. ಮಗಳು ಎಂಜಿನ್ನಿನ ಮೇಲೆ ಬಾಗಿ ಹ್ಯಾಂಡಲ್ ತಿರುಗಿಸುತ್ತಿದ್ದಳು. ಸುತ್ತ ಜನ ಎದ್ದು ನಿಂತಿದ್ದರು, ತರಕಾರಿ ಮಾರುವವಳೊಬ್ಬಳು ಬುಟ್ಟಿಯನ್ನು ತಬ್ಬಿಕೊಂಡು ಅಳುತ್ತಿದ್ದಳು.

“ತಿರುಗಿಸಬೇಡ!” ಎಂದು ಪುಕ್ಕಲಕ್ಕ ಕೂಗಿದಳು. “ನೀರಿದೆ! ತೊಟ್ಟಿ ಅಡೀಲಿರೋ ತಿರುಪು ಬಿಚ್ಚು!”

ಮಗಳು ತಲೆ ಎತ್ತಿದಳು. ಅವಳ ಬಾಯಿ ತೆರೆದುಕೊಂಡಿತು. “ಅಮ್ಮಾ?”

“ತಿರುಪು ಬಿಚ್ಚೇ!”

“ಎಣ್ಣೆಯೆಲ್ಲ ಹೋಗ್ಬಿಡುತ್ತಮ್ಮ!”

“ಹೋಗ್ಲಿ! ಬಕೆಟ್ ಇಡು. ಬರೋದಕ್ಕೆ ಕೈಯೊಡ್ಡಿ ಬೆರಳು ಉಜ್ಜಿ ನೋಡು. ಜಾರುತ್ತಾ?”

“ಇಲ್ಲ. ನೀರಿನ ಥರ ಇದೆ.”

“ಬಿಡ್ತಾ ಇರು.”

ದನಿ ನಡುಗುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಆದರೆ ಮಾತುಗಳು ಒಂದೊಂದೇ ಸರಿಯಾಗಿ ಬರುತ್ತಿದ್ದವು. ಎಣ್ಣೆಯ ವಿಷಯದಲ್ಲಿ ಅವಳ ಭಯಕ್ಕೆ ಯಾವಾಗಲೂ ಕೈ ಇತ್ತು, ಕಣ್ಣು ಇತ್ತು.

“ಈಗ ಜಾರ್ತಿದೆ ಅಮ್ಮಾ! ಈಗ ಎಣ್ಣೆ ಬಂತು!”

“ಮುಚ್ಚು!”

ಅಲ್ಲಿಂದ ಮುಂದಕ್ಕೆ ಅಪ್ಪ ಹೇಳಿಕೊಟ್ಟ. ಫಿಲ್ಟರಿನ ಗಾಜಿನ ಬಟ್ಟಲು ತೆಗೆದು ಚೆಲ್ಲು, ಪೈಪಿನ ನಟ್ಟು ಸಡಿಲಿಸಿ ಗಾಳಿ ಬಿಡು, ಈಗ ಬಿಗಿ ಮಾಡು, ಈಗ ತಿರುಗಿಸು. ಮಗಳು ಮೈಯೆಲ್ಲ ಹಾಕಿ ಹ್ಯಾಂಡಲ್ ತಿರುಗಿಸಿದಳು. ಎಂಜಿನ್ ಒಮ್ಮೆ ಸೀನಿತು. ಮತ್ತೆ ತಿರುಗಿಸಿದಳು. ಬಿಳಿ ಹೊಗೆ ಬಂತು, ಇನ್ನೊಂದು ಸೀನು, ಆಮೇಲೆ ಡುಗು, ಡುಗು, ಡುಗುಡುಗು. ತರಕಾರಿಯವಳು ಬುಟ್ಟಿ ಬಿಟ್ಟು ಮಗಳ ಕಾಲು ಹಿಡಿದುಕೊಂಡಳು.

ಆ ಗಲಾಟೆಯಲ್ಲಿ ಒಂದನ್ನು ಯಾರೂ ಗಮನಿಸಿರಲಿಲ್ಲ. ಬಲೆಮಾವನ ದೋಣಿಗೆ ಲಂಗರೂ ಇರಲಿಲ್ಲ, ಎಂಜಿನ್ನೂ ಇರಲಿಲ್ಲ. ಮುದುಕನ ತೋಳು ಸೋತಿತ್ತು. ಮಗಳ ದೋಣಿಯ ಪಕ್ಕದಲ್ಲೇ ಅವರು ಜಾರಿ ಅದನ್ನೂ ದಾಟಿ ಕೆಳಗೆ ಹೋಗಿದ್ದರು. ತಳದಲ್ಲಿ ಕೂತಿದ್ದ ಪುಕ್ಕಲಕ್ಕನ ಮುಖಕ್ಕೆ ಉಪ್ಪುನೀರು ಸಿಡಿಯಿತು. ಬೆನ್ನ ಹಿಂದಿನ ಮೊರೆತದಲ್ಲಿ ಪಕ್ಕದವನ ಮಾತೂ ಕೇಳಿಸುತ್ತಿರಲಿಲ್ಲ.

ಮಗಳು ಲಂಗರು ಎತ್ತಿ, ದೋಣಿಯನ್ನು ದಡದ ಕಡೆಗಲ್ಲ, ಇವರ ಕಡೆಗೆ ತಿರುಗಿಸಿದಳು.

“ಬರಬೇಡ!” ಪುಕ್ಕಲಕ್ಕ ಗಂಟಲು ಹರಿಯುವಂತೆ ಕೂಗಿದಳು. “ಹಿಂದಕ್ಕೆ ಹೋಗು! ನಮ್ಮನ್ನ ಬಿಡು, ನೀನು ಹೋಗು!”

ಮಗಳು ಕೇಳಲಿಲ್ಲ. ಸಲೀಸಾಗಿ ಒಂದು ಸುತ್ತು ಹಾಕಿ, ಮೂತಿಯನ್ನು ಸೆಳೆತಕ್ಕೆ ಎದುರಾಗಿ ನಿಲ್ಲಿಸಿ, ಹಗ್ಗದ ಸುರುಳಿ ಎತ್ತಿದಳು. ಗಂಡನ ಒಂದು ಕೈ ಜೋಳಿಗೆಯಲ್ಲಿ, ಇನ್ನೊಂದು ಚುಕ್ಕಾಣಿಯ ಹುಟ್ಟಿನ ಮೇಲೆ. ಬಲೆಮಾವ ಹುಟ್ಟು ಬಿಡುವಂತಿಲ್ಲ. ಖಾಲಿ ಇದ್ದವಳು ಅವಳೊಬ್ಬಳೇ.

“ಅಮ್ಮಾ, ಹಗ್ಗ ಹಿಡ್ಕೋ! ಎರಡೂ ಕೈ ಬಿಡು!”

ಹಲಗೆಯನ್ನು ಬಿಡುವುದು. ಆ ಕ್ಷಣದಲ್ಲಿ ಅವಳಿಗೆ ಇದ್ದ ಭೂಮಿ ಅದೊಂದೇ ಹಲಗೆ. ಅವಳು ಬಿಟ್ಟಳು. ಎದ್ದು ಮಂಡಿಯ ಮೇಲೆ ನಿಂತು, ಹಾರಿ ಬಂದ ಹಗ್ಗವನ್ನು ಕೈಯಿಂದ, ಎದೆಯಿಂದ, ಗಲ್ಲದಿಂದ ಹಿಡಿದು ಅದರ ಮೇಲೆ ಕವುಚಿ ಬಿದ್ದಳು. ಹಗ್ಗ ಅಂಗೈ ಸುಲಿಯಿತು. ಗಂಡ ಅದನ್ನು ಕಾಲಲ್ಲಿ ಒತ್ತಿ ಗೂಟಕ್ಕೆ ಸುತ್ತುವವರೆಗೂ ಅವಳು ಬಿಡಲಿಲ್ಲ. ಸುತ್ತಿದ ಮೇಲೂ ಬಿಡಲಿಲ್ಲ.

ಮಗಳು ಅವರನ್ನು ಎಳೆದುಕೊಂಡು ಬಂದಳು.

ಕಟ್ಟೆಯಲ್ಲಿ ಪುಕ್ಕಲಕ್ಕನನ್ನು ಗಂಡ ಮತ್ತು ಚಹಾ ಅಂಗಡಿಯವನು ಸೇರಿ ಎತ್ತಿ ಮೆಟ್ಟಿಲ ಮೇಲೆ ಕೂರಿಸಿದರು. ಮಗಳು ಬಂದು ಅವಳ ಅಂಗೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಕೂತಳು.

“ಎಂಜಿನ್ ನಿಂತಾಗ ನಾನು ಹೆದರಲಿಲ್ಲ ಕಣಮ್ಮ. ಸರಿಮಾಡ್ಕೋಬಹುದು ಅನ್ಕೊಂಡೆ. ಆಮೇಲೆ ತಲೆ ಎತ್ತಿ ನೋಡಿದ್ರೆ ನೀನು ದೋಣೀಲಿ. ಆಗ ನನ್ ಜೀವವೇ ಹೋಯ್ತು. ಅಮ್ಮ ದೋಣಿ ಹತ್ತಿದಾಳೆ ಅಂದ್ರೆ ನಾವು ಸತ್ವಿ ಅಂತಾನೇ ಅನ್ಕೊಂಡೆ.”

ಯಾರೋ ನಗಲು ಹೊರಟು ಸುಮ್ಮನಾದರು. ಪುಕ್ಕಲಕ್ಕ ತನ್ನ ಸುತ್ತ ನಿಂತ ಮುಖಗಳನ್ನು ನೋಡಿದಳು. ಒಂದರಲ್ಲೂ ನಗು ಇರಲಿಲ್ಲ. ಎಲ್ಲರೂ ಅವಳನ್ನು ಬೇರೆ ಯಾರನ್ನೋ ನೋಡುವ ಹಾಗೆ ನೋಡುತ್ತಿದ್ದರು. “ಮುಚ್ಚಳ ಹಾಕಿದ್ದು ನಾನೇ” ಎಂದಳು. “ಗುಡುಗಿಗೆ ಹೆದರಿ ಹಾಕ್ದೆ. ಬೆಳಿಗ್ಗೆ ಕಾವಲೀಲಿ ಚಿಟ್ ಅನ್ನೋ ಸದ್ದು ಕೇಳ್ಸಿತ್ತು, ಅದಕ್ಕೆ ಹೆದರಲಿಲ್ಲ.”

ದಾಟಬೇಕಾದವರು ಇನ್ನೂ ದಾಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಳಿತ ಮುಗಿದು ನೀರು ನಿಂತಿತು. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಒರೆಸಿ, ಪೆಟ್ರೋಲ್ ಬಂಕಿನಿಂದ ತಂದ ಡೀಸೆಲ್ ಹಾಕಿದರು. ಜನ ಒಬ್ಬೊಬ್ಬರಾಗಿ ಹೋಗಿ ಮತ್ತೆ ದೋಣಿಯಲ್ಲಿ ಕೂತರು, ತರಕಾರಿಯವಳೂ ಕೂತಳು. ಮಗಳು ಚುಕ್ಕಾಣಿಯ ಹತ್ತಿರ ಹೋದವಳು ತಿರುಗಿ ನಿಂತಳು.

“ಅಮ್ಮಾ, ಹೋಗ್ಲಾ?”

ಗಂಡ ಅವಳ ಕಡೆ ನೋಡಿದ, ಚಹಾ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿ ನೋಡಿದ, ದೋಣಿಯಲ್ಲಿ ಕೂತವರೂ ನೋಡಿದರು. ಬೇಡ ಎಂದು ಅವಳು ಎಷ್ಟು ಸಲ ಹೇಳಿಲ್ಲ? ಯಾರೂ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ಹೇಳುತ್ತಿದ್ದಳು. ಇವತ್ತು ಬೇಡ ಎಂದರೆ ಮಗಳು ಇಳಿದು ಬರುತ್ತಾಳೆ. ಬಹುಶಃ ಇನ್ನು ಯಾವತ್ತೂ ಹತ್ತುವುದಿಲ್ಲ. ಅಳಿವೆಯ ಅಲೆಗಳ ಹತ್ತಿರ ಆಗದಷ್ಟು ಭಯ ಅವಳಿಗೆ ಈಗ, ಒಣ ಮೆಟ್ಟಿಲ ಮೇಲೆ ಕೂತು ಆಯಿತು.

“ಹೋಗು” ಎಂದಳು.

ದನಿ ಹೊರಡಲಿಲ್ಲ. ಮಗಳಿಗೆ ಕೇಳಿಸಲಿಲ್ಲವೆಂದು ಕಂಡು ಸುಲಿದ ಅಂಗೈಯನ್ನು ಎತ್ತಿ ಬೀಸಿದಳು. ಡುಗುಡುಗು ಶುರುವಾಯಿತು. ದೋಣಿ ಹೋಗಿ ಆಚೆ ದಡ ಮುಟ್ಟಿ ವಾಪಸು ಬರುವವರೆಗೂ ಅವಳು ಆ ಮೆಟ್ಟಿಲಿನಿಂದ ಏಳಲಿಲ್ಲ. ಗಂಡನೂ ಪಕ್ಕದಲ್ಲೇ ಕೂತಿದ್ದ.